ಮನೆಯೊಳಗೆ ಸಿಗರೇಟು: ಅಡ್ವಾನ್ಸ್ ಕೊಡುವ ಮೊದಲೇ ಆಗಬೇಕಾದ ಮಾತು

ಬೆಂಗಳೂರಿನಲ್ಲಿ ಓದುತ್ತಿದ್ದಾಗ ನಾವು ನಾಲ್ವರು ಹನುಮಂತನಗರದ ಒಂದು ಮನೆಯ ಎರಡನೇ ಮಹಡಿಯಲ್ಲಿದ್ದೆವು. ಸಿಗರೇಟು ಸೇದುತ್ತಿದ್ದವರು ಇಬ್ಬರು. ದಸರೆ ರಜೆಗೆ ಊರಿಗೆ ಹೋದಾಗ ಅಮ್ಮ ನನ್ನ ಬಟ್ಟೆಗಂಟು ಬಿಚ್ಚಿ, ಒಂದು ಅಂಗಿಯನ್ನು ಮೂಗಿನ ಹತ್ತಿರ ಹಿಡಿದು, ಏನೂ ಕೇಳದೆ ನನ್ನ ಮುಖ ನೋಡಿದರು. ಸೇದುತ್ತಿದ್ದ ಇಬ್ಬರೂ ಊರಿಗೆ ಹೊರಟಾಗ ಇಸ್ತ್ರಿ ಅಂಗಡಿಯಿಂದ ಆಗಷ್ಟೇ ತಂದ ಅಂಗಿ ಹಾಕಿಕೊಂಡು, ಏಲಕ್ಕಿ ಅಗಿಯುತ್ತ ಬಸ್ ಹತ್ತುತ್ತಿದ್ದರು. ಸಿಕ್ಕಿಬಿದ್ದದ್ದು ಒಂದು ದಮ್ಮೂ ಎಳೆಯದ ನಾನು.

ಒಳಗೆ ಸೇದಬಹುದೇ, ಬೇಡವೇ ಎಂದು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ತೀರ್ಮಾನ ಮಾಡಿರಲಿಲ್ಲ. ಮಾತಾಡದೆ ಬಿಟ್ಟ ಮನೆಯಲ್ಲಿ ಮೊದಲ ಮಳೆಗಾಲದ ಹೊತ್ತಿಗೆ ಸಿಗರೇಟು ತಾನಾಗಿ ಒಳಗೆ ಬಂದಿರುತ್ತದೆ. ಹಾಗಾಗಿ ನಾಲ್ಕೈದು ಜನ ಸೇರಿ ಮನೆ ಹುಡುಕುತ್ತಿರುವ ವಿದ್ಯಾರ್ಥಿಗಳು ಬಾಡಿಗೆ, ನೀರಿನ ಬಿಲ್ಲು, ಅಡುಗೆ ಸರದಿಯ ಜೊತೆಗೆ ಇದನ್ನೂ ಮಾತಾಡಬೇಕು. ಅದಕ್ಕೆ ಮೊದಲು ಹೊಗೆ ಮನೆಯೊಳಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗೊತ್ತಿರಬೇಕು.

ಸೇದುವವನು ಬಾಯಿಂದ ಬಿಡುವ ಹೊಗೆಗಿಂತ ಅವನ ಬೆರಳ ಸಂದಿನಲ್ಲಿ ಸುಮ್ಮನೆ ಉರಿಯುವ ತುದಿಯಿಂದ ಏಳುವ ಹೊಗೆಯೇ ಹೆಚ್ಚು. ಅದು ಫಿಲ್ಟರನ್ನೂ ದಾಟಿ ಬಂದದ್ದಲ್ಲ, ಯಾರ ಶ್ವಾಸಕೋಶವನ್ನೂ ಹೊಕ್ಕು ಬಂದದ್ದಲ್ಲ. ನಮ್ಮ ಕಡೆಯ ಸಾಮಾನ್ಯ ಕೋಣೆಯೊಂದು 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಒಳಗಿರುವ ಗಾಳಿ ಸುಮಾರು 34 ಘನ ಮೀಟರ್. ಒಂದು ಸಿಗರೇಟು ಮುಗಿಯುವಷ್ಟರಲ್ಲಿ ಪಿಎಂ 2.5 ಎಂದು ಕರೆಯುವ ಸೂಕ್ಷ್ಮ ಕಣಗಳು 10 ಮಿಲಿಗ್ರಾಂ ಆಸುಪಾಸು ಹೊರಬೀಳುತ್ತವೆ. ಭಾಗಿಸಿ ನೋಡಿ, ಘನ ಮೀಟರಿಗೆ 300 ಮೈಕ್ರೋಗ್ರಾಂ ಹತ್ತಿರ ಬರುತ್ತದೆ. ದಿನದ ಸರಾಸರಿ 60 ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿತು.

'ಕಿಟಕಿ ತೆಗೆದರೆ ಹೋಗುತ್ತೆ ಬಿಡು ಮಗಾ.' ಹೋಗುತ್ತದೆ, ಆದರೆ ನಿಧಾನವಾಗಿ. ಗಂಟೆಗೊಮ್ಮೆ ಕೋಣೆಯಷ್ಟು ಹೊಸ ಗಾಳಿ ಒಳಗೆ ಬರುತ್ತದೆ ಎಂದುಕೊಂಡರೂ ಹಳೆಯದು ಒಂದೇ ಏಟಿಗೆ ಹೊರಬೀಳುವುದಿಲ್ಲ, ಹೊಸದರ ಜೊತೆ ಬೆರೆಯುತ್ತಲೇ ಹೋಗುತ್ತದೆ. ಒಂದು ಗಂಟೆಯ ನಂತರ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಉಳಿದಿರುತ್ತದೆ. ನೂರಕ್ಕೆ ಐದಕ್ಕೆ ಇಳಿಯಲು ಮೂರು ಗಂಟೆ ಬೇಕು. ಅಷ್ಟರೊಳಗೆ ಇನ್ನೊಂದು ಸಿಗರೇಟು ಹತ್ತಿರುತ್ತದೆ. ಸೀಲಿಂಗ್ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಮೂಲೆಮೂಲೆಗೆ ಸಮನಾಗಿ ಹಂಚುತ್ತದೆ. ರೂಂ ಫ್ರೆಶ್ನರು ಮೂಗಿಗೆ ಮಾತ್ರ ಮೋಸ ಮಾಡುತ್ತದೆ. ಇದೆಲ್ಲದರ ಮೇಲೆ ಸೊಳ್ಳೆ. ಸಂಜೆ ಆರಕ್ಕೆ ಕಿಟಕಿ ಮುಚ್ಚುವುದು ನಮ್ಮ ಊರುಗಳ ನಿಯಮ, ಸಿಗರೇಟು ಹೆಚ್ಚಾಗಿ ಹೊತ್ತುವುದು ಆರರ ನಂತರ. ಪ್ರತ್ಯೇಕ ಕೋಣೆ, ಗಾಳಿಯಾಡುವ ವ್ಯವಸ್ಥೆ, ಗಾಳಿ ಶುದ್ಧ ಮಾಡುವ ಯಂತ್ರ, ಯಾವುದೂ ಪಕ್ಕದವರನ್ನು ಈ ಹೊಗೆಯಿಂದ ಪೂರ್ತಿ ಕಾಪಾಡುವುದಿಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲೇ ಹೇಳಿಯಾಗಿದೆ.

ಇಲ್ಲಿ ಸೇದುವವರು ತಪ್ಪದೆ ಎತ್ತುವ ಒಂದು ಪಾಯಿಂಟ್ ಇದೆ: 'ಸೊಳ್ಳೆ ಬತ್ತಿ ಹಚ್ಚುತ್ತೀಯಲ್ಲ, ಅದು?' ತಳ್ಳಿಹಾಕುವ ಮಾತಲ್ಲ. ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅದರಿಂದ ಸಿಗರೇಟು ನಿರಪರಾಧಿ ಆಗುವುದಿಲ್ಲ, ಸುರುಳಿಯೂ ಆರೋಪಿಯಾಗುತ್ತದೆ ಅಷ್ಟೆ. ಕಿಟಕಿಗೆ ಮೆಶ್ ಹಾಕಿಸಿದರೆ ಸುರುಳಿಯೂ ಬೇಕಿಲ್ಲ, ಕಿಟಕಿಯೂ ತೆರೆದಿರುತ್ತದೆ.

ಬಾಲ್ಕನಿಯಲ್ಲಿ ನಿಂತು ಸೇದುವುದು ಹೊರಗೆ ಸೇದಿದಂತೆಯೇ? ಮನೆಯಿಂದ ಮನೆಗೆ ಉತ್ತರ ಬೇರೆ. ಪರೀಕ್ಷೆ ಸುಲಭ. ಸಂಜೆ ಬಾಲ್ಕನಿಯಲ್ಲಿ ನಾಲ್ಕು ಊದುಬತ್ತಿ ಹಚ್ಚಿಟ್ಟು, ಒಬ್ಬ ಕೋಣೆಯಲ್ಲಿ, ಒಬ್ಬ ಅಡುಗೆಮನೆಯಲ್ಲಿ ಕೂತುಕೊಳ್ಳಿ. ಐದು ನಿಮಿಷದಲ್ಲಿ ವಾಸನೆ ಬಂತೆಂದರೆ ಆ ಬಾಲ್ಕನಿ ಮನೆಯ ಒಳಗೇ ಇದೆ ಎಂದು ಲೆಕ್ಕ. ಬಾತ್‌ರೂಮಿನಲ್ಲೂ ಇದನ್ನು ಮಾಡಿ ನೋಡಿ. ಅಪಾರ್ಟ್‌ಮೆಂಟುಗಳಲ್ಲಿ ಬಾತ್‌ರೂಮಿನ ಹೊಗೆ ಡಕ್ಟ್ ಹಿಡಿದು ಮೇಲಿನ ಮನೆಯವರ ಬಾತ್‌ರೂಮಿಗೆ ಏರಬಹುದು. ದೂರು ಅಲ್ಲಿಂದ ಸೆಕ್ಯೂರಿಟಿಯವರಿಗೆ, ಅವರಿಂದ ಓನರಿಗೆ ತಲುಪುತ್ತದೆ.

ಹೊಗೆ ಕಣ್ಣಿಗೆ ಕಾಣದಾದ ಮೇಲೂ ನಿಕೋಟಿನ್ ಗೋಡೆ, ಪರದೆ, ಹಾಸಿಗೆಗೆ ಹತ್ತಿ ಕೂತಿರುತ್ತದೆ. ಅದು ಗಾಳಿಯಲ್ಲಿನ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್ ತರಬಲ್ಲ ನೈಟ್ರೊಸಮೈನ್‌ಗಳಾಗುತ್ತದೆ ಎಂದು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2010ರಲ್ಲಿ ತೋರಿಸಿದರು. ವಿಜ್ಞಾನ ಹಾಗಿರಲಿ, ವಿದ್ಯಾರ್ಥಿಗೆ ಬೇಗ ತಟ್ಟುವುದು ದುಡ್ಡು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಹೇಗೂ ವಾಡಿಕೆ. ಹಳದಿ ಹಿಡಿದ ಗೋಡೆಗೆ ಸಾದಾ ಬಣ್ಣ ಬಳಿದರೆ ಕಲೆ ಮತ್ತೆ ಮೇಲೆದ್ದು ಬರುತ್ತದೆ. ಕಲೆ ತಡೆಯುವ ಪ್ರೈಮರ್ ಬೇಕು. ಅದನ್ನು ನೋಡಿದ ಓನರ್ ಒಂದು ತಿಂಗಳಿಗೆ ನಿಲ್ಲುವುದಿಲ್ಲ. ಹಿಡಿದುಕೊಳ್ಳುವ ಹಣ ನಾಲ್ವರದು, ಸೇದಿದವರು ಇಬ್ಬರು.

ಇನ್ನು ಕಾನೂನು. 2003ರ ತಂಬಾಕು ನಿಯಂತ್ರಣ ಕಾಯ್ದೆ ತಡೆಯುವುದು ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು. ಕಾಲೇಜು ಅದರಲ್ಲಿ ಬರುತ್ತದೆ, ನೀವು ಬಾಡಿಗೆಗೆ ಹಿಡಿದ ಮನೆ ಬರುವುದಿಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಸಾರ್ವಜನಿಕ ಸ್ಥಳದ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು, 21 ವರ್ಷ ತುಂಬದವರಿಗೆ ಸಿಗರೇಟು ಮಾರುವುದನ್ನು ನಿಷೇಧಿಸಿತು. ಅಂದರೆ ಮೊದಲ ವರ್ಷದ ಹುಡುಗನಿಗೆ ಯಾವ ಅಂಗಡಿಯವನೂ ಸಿಗರೇಟು ಕೊಡುವಂತಿಲ್ಲ. ಆದರೆ ನಿಮ್ಮ ಹಾಲ್‌ನಲ್ಲಿ ಏನು ನಡೆಯಬೇಕೆಂದು ಹೇಳಲು ಪೊಲೀಸರು ಬರುವುದಿಲ್ಲ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಓನರ್ 'ಧೂಮಪಾನ ಬೇಡ' ಎಂದು ಬರೆಸಿದ್ದಾರಾ ಎಂದು ನೋಡಿ. ಬರೆಸಿದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು.

ಬರೆಸಿಲ್ಲದಿದ್ದರೆ ನೀವೇ ತೀರ್ಮಾನಿಸಬೇಕು. ನನ್ನ ಅಭಿಪ್ರಾಯದಲ್ಲಿ ಇದು ಕೈಯೆತ್ತಿ ಬಹುಮತ ಎಣಿಸುವ ವಿಷಯವೇ ಅಲ್ಲ. ಟಿವಿ ಯಾವ ಅಳತೆಯದಿರಬೇಕು ಎಂಬುದಕ್ಕೆ ಮೂರು ವೋಟು ಸಾಕು. ಹೊಗೆಯ ವಿಷಯದಲ್ಲಿ ಸೋತವನು ರಾತ್ರಿಯಿಡೀ ಗೆದ್ದವರ ಗಾಳಿಯನ್ನೇ ಉಸಿರಾಡಬೇಕು. ಸೇದುವವನು ಎದ್ದು ಹತ್ತು ಹೆಜ್ಜೆ ಆಚೆ ಹೋಗಬಹುದು, ಉಸಿರಾಡುವವನು ಎಲ್ಲಿಗೆ ಹೋಗುತ್ತಾನೆ? ಆದ್ದರಿಂದ ಒಬ್ಬ ಬೇಡವೆಂದರೂ ಬೇಡ. ಉಬ್ಬಸ ಇರುವವರು ಒಬ್ಬರಿದ್ದರಂತೂ ಕೇಳುವ ಅಗತ್ಯವೂ ಇಲ್ಲ.

ತೊಂದರೆ ಏನೆಂದರೆ, ಆ ಒಬ್ಬ ಬಾಯಿ ಬಿಡುವುದಿಲ್ಲ. ಜೂನಿಯರ್ ಆಗಿರುತ್ತಾನೆ, ಅದೇ ಊರಿನ ಅಣ್ಣ ಸೀಟು ಕೊಡಿಸಿ ಮನೆಗೆ ಸೇರಿಸಿಕೊಂಡಿರುತ್ತಾನೆ, 'ಪರವಾಗಿಲ್ಲ ಅಣ್ಣ' ಎಂದುಬಿಡುತ್ತಾನೆ. ಅದಕ್ಕೆ ಚೀಟಿ ಒಳ್ಳೆಯದು. ಎಲ್ಲರೂ ಒಂದೇ ಪೆನ್ನಿನಲ್ಲಿ 'ಒಳಗೆ ಸರಿ' ಅಥವಾ 'ಒಳಗೆ ಬೇಡ' ಎಂದು ಬರೆದು ಮಡಚಿ ಹಾಕಲಿ. ಒಂದೇ ಒಂದು 'ಬೇಡ' ಬಂದರೂ ಬರೆದವರು ಯಾರೆಂದು ಹುಡುಕಬೇಡಿ. 'ನೀನು ಸೇದ್ತೀಯಾ?' ಎಂದು ಕೇಳುವುದರಿಂದಲೂ ಪ್ರಯೋಜನವಿಲ್ಲ, 'ಅಪರೂಪಕ್ಕೆ ಗುರು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎಷ್ಟು, ಎಲ್ಲಿ ಕೂತು ಎಂದು ಕೇಳಿ. ನಾಲ್ವರೂ ಸೇದುವವರೇ ಆಗಿದ್ದರೆ? ಗೋಡೆ, ಅಡ್ವಾನ್ಸು, ಮೇಲಿನ ಮನೆಯವರು ಆಗಲೂ ಇರುತ್ತಾರೆ. ಸೇದುವವರು ತಮ್ಮ ಹೊಗೆಯನ್ನು ತಾವೇ ಎರಡೆರಡು ಸಲ ಕುಡಿಯುತ್ತಿರುತ್ತಾರೆ. ನಾನಾದರೆ ಆಗಲೂ ಹೊರಗೇ ಎನ್ನುತ್ತೇನೆ.

ಹೊರಗೆ ಎಂದರೆ ಎಲ್ಲಿ ಎಂಬುದನ್ನು ಹೇಳದ ನಿಯಮ ಒಂದು ವಾರ ಬಾಳುವುದಿಲ್ಲ. ಮಳೆ ಬರುವ ರಾತ್ರಿ ಎರಡು ಗಂಟೆಗೆ ಮನುಷ್ಯ ಹೋಗಬಲ್ಲ ಜಾಗವಾಗಿರಬೇಕು. ತಾರಸಿಯಾದರೆ ಓನರ್ ರಾತ್ರಿ ಬೀಗ ಹಾಕುತ್ತಾರಾ ಕೇಳಿಕೊಳ್ಳಿ. ತಲೆಯ ಮೇಲೆ ಶೀಟಿನ ನೆರಳು, ಒಂದು ಹಳೆಯ ಸ್ಟೂಲು, ಮರಳು ತುಂಬಿದ ಡಬ್ಬ ಇಷ್ಟಿದ್ದರೆ ಸಾಕು. ಡಬ್ಬ ಇಲ್ಲದ ಕಾರಣಕ್ಕೆ ನಮ್ಮ ಓನರ್ ಆಂಟಿಯ ತುಳಸಿ ಕುಂಡದಲ್ಲಿ ಸಿಗರೇಟಿನ ಮೋಟು ಸಿಕ್ಕಿ, ಮೂರು ದಿನ ನಮಗೆ ನೀರಿನ ಮೋಟರ್ ಹಾಕಲಿಲ್ಲ. ನೆಲಕ್ಕೆ ಹಾಸಿದ ಹತ್ತಿಯ ಹಾಸಿಗೆ, ಪಕ್ಕದಲ್ಲೇ ಚಿಕ್ಕ ಗ್ಯಾಸ್ ಸಿಲಿಂಡರ್ ಇರುವ ಕೋಣೆಯಲ್ಲಿ ಉರಿಯುವ ಮೋಟಿನ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.

ತಪ್ಪಿದವರಿಗೆ ದುಡ್ಡಿನ ದಂಡ ಹಾಕಬೇಡಿ. ನಾವು ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟು, ಒಳಗೆ ಸೇದಿದರೆ ಇಪ್ಪತ್ತು ರೂಪಾಯಿ ಎಂದೆವು. ಎರಡನೇ ತಿಂಗಳು ಒಬ್ಬ ನೂರರ ನೋಟು ಹಾಕಿ, 'ಐದಕ್ಕೆ ಅಡ್ವಾನ್ಸ್' ಎಂದು ಹಾಲ್‌ನಲ್ಲೇ ಕಾಲು ಚಾಚಿ ಕೂತ. ಆಮೇಲೆ ನಿಯಮ ಬದಲಾಯಿತು: ಒಳಗೆ ಹಚ್ಚಿದವನು ಆ ಭಾನುವಾರ ಮನೆಯ ಎಲ್ಲ ಪರದೆ, ಎಲ್ಲರ ಬೆಡ್‌ಶೀಟು ಒಗೆಯಬೇಕು. ಬಕೆಟ್ಟಿನ ಕಂದು ನೀರನ್ನು ಒಮ್ಮೆ ಕಣ್ಣಾರೆ ಕಂಡವನು ಮತ್ತೆ ತಾರಸಿಗೇ ಹತ್ತಿದ. ಪೂರ್ತಿ ಬಿಡಬೇಕೆನಿಸಿದವರಿಗೆ 1800-112-356 ಎಂಬ ಉಚಿತ ಸಹಾಯವಾಣಿ ಇದೆ.

ಈ ಮಾತೆಲ್ಲ ಆಗಬೇಕಾದ ಹೊತ್ತು ಯಾವುದೆಂದರೆ, ಖಾಲಿ ಮನೆಯಲ್ಲಿ ನಿಮ್ಮ ದನಿ ಇನ್ನೂ ಪ್ರತಿಧ್ವನಿಸುತ್ತಿರುವಾಗ, ಬ್ರೋಕರ್ ಕೆಳಗೆ ಗಾಡಿಯ ಹತ್ತಿರ ಕಾಯುತ್ತಿರುವಾಗ. ಅಲ್ಲೇ ಚೀಟಿ ಹರಿದು ಎಲ್ಲರ ಕೈಗೂ ಕೊಡಿ. ಅಡ್ವಾನ್ಸ್ ಕೈ ಬದಲಾದ ಮೇಲೆ 'ಬೇಡ' ಎನ್ನಬೇಕಿದ್ದವನಿಗೆ ಹನ್ನೊಂದು ತಿಂಗಳು ಬೇರೆ ಮನೆ ಇರುವುದಿಲ್ಲ.