ಮರಾಠಿ ಮತ ಒಂದೇ ಪೆಟ್ಟಿಗೆಗೆ ಬೀಳುತ್ತದೆಯೇ?

ಚುನಾವಣೆ ಬಂದಾಗಲೆಲ್ಲ ಬೆಳಗಾವಿ ಗಡಿಭಾಗದ ಬಗ್ಗೆ ಬೆಂಗಳೂರಿನಲ್ಲಿ ಕೇಳಿಬರುವ ಮಾತೊಂದಿದೆ: ‘ನಿಪ್ಪಾಣಿ, ಬೋರಗಾಂವದ ಕಡೆ ಮರಾಠಿ ಮಾತಾಡುವವರೆಲ್ಲ ಸಮಿತಿಯವರು, ಅವರ ಮತ ಮಹಾರಾಷ್ಟ್ರಕ್ಕೆ.’ ಇದು ಶುದ್ಧ ತಪ್ಪು.

ಈ ಸೀಮೆ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಕರ್ನಾಟಕ ವಿಧಾನಸಭೆಗೆ ಕೊನೆಯ ಬಾರಿ ಗೆದ್ದದ್ದು 2013ರಲ್ಲಿ, ಬೆಳಗಾವಿ ದಕ್ಷಿಣ ಮತ್ತು ಖಾನಾಪುರದಲ್ಲಿ. 2018 ಮತ್ತು 2023ರಲ್ಲಿ ಅದಕ್ಕೆ ಒಂದು ಸ್ಥಾನವೂ ಸಿಗಲಿಲ್ಲ. ಮರಾಠಿ ಮಾತು ದಟ್ಟವಾಗಿರುವ ನಿಪ್ಪಾಣಿಯಲ್ಲಿ 2013ರಿಂದ ಸತತ ಮೂರು ಸಲ ಗೆದ್ದವರು ಬಿಜೆಪಿಯ ಶಶಿಕಲಾ ಜೊಲ್ಲೆ.

‘ಹಾಗಾದರೆ 2023ರಲ್ಲಿ ಅಲ್ಲಿ ಎನ್‌ಸಿಪಿ ಎರಡನೇ ಸ್ಥಾನಕ್ಕೆ ಬಂದದ್ದೇಕೆ, ಅದು ಮಹಾರಾಷ್ಟ್ರದ ಪಕ್ಷವಲ್ಲವೇ?’ ಎನ್ನುವವರಿದ್ದಾರೆ. ಅಭ್ಯರ್ಥಿ ಉತ್ತಮ ಪಾಟೀಲರು ಬೋರಗಾಂವದವರೇ. ಇಲ್ಲಿ ಮತ ತರುವುದು ಸೊಸಾಯಿಟಿಯ ಸಾಲ, ಕಬ್ಬಿನ ಬಿಲ್ಲು, ಕಷ್ಟಕ್ಕೆ ಮನೆ ಬಾಗಿಲಿಗೆ ಬಂದ ನಾಯಕ. ಬೋರಗಾಂವದ ಎಷ್ಟೋ ಮನೆಗಳಲ್ಲಿ ಅತ್ತೆ ಕನ್ನಡದಲ್ಲಿ ಕರೆದರೆ ಮಹಾರಾಷ್ಟ್ರದ ಇಚಲಕರಂಜಿ ಕಡೆಯಿಂದ ಬಂದ ಸೊಸೆ ಮರಾಠಿಯಲ್ಲಿ ಓಗೊಡುತ್ತಾಳೆ. ಈ ಮನೆಯ ಮತವನ್ನು ಯಾವ ಭಾಷೆಯ ಲೆಕ್ಕಕ್ಕೆ ಬರೆಯುತ್ತೀರಿ?

1981ನ್ನು ನೆನೆಯಿರಿ. ಬೀಡಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ನಿಪ್ಪಾಣಿ ಸೀಮೆಯ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಮುಂದಾಳು ಮಹಾರಾಷ್ಟ್ರದ ಶರದ್ ಜೋಶಿ. ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ರೈತರು ಪ್ರಾಣ ಕಳೆದುಕೊಂಡರು. ಅವರು ಕೇಳಿದ್ದು ಬೆಲೆಯನ್ನು, ಗಡಿ ಬದಲಾವಣೆಯನ್ನಲ್ಲ.

ಇದರ ತದ್ವಿರುದ್ಧ ನಂಬಿಕೆಯೂ ಇದೆ: ಸಮಿತಿ ಸೋತಿತು, ಮರಾಠಿ ಮತದ ಬಲ ಮುಗಿಯಿತು ಎಂಬುದು. 2021ರ ಬೆಳಗಾವಿ ಲೋಕಸಭಾ ಉಪಚುನಾವಣೆಯಲ್ಲಿ ಗೆಲುವಿನ ಅಂತರ ಐದು ಸಾವಿರ ಚಿಲ್ಲರೆ. ಸಮಿತಿ ಅಭ್ಯರ್ಥಿಗೆ ಬಿದ್ದ ಮತ ಒಂದು ಲಕ್ಷಕ್ಕೂ ಹೆಚ್ಚು. ಇಂಥ ಬಲವನ್ನು ಪಕ್ಷಗಳು ಚೆನ್ನಾಗಿ ಬಲ್ಲವು.

2020ರ ನವೆಂಬರಿನಲ್ಲಿ ಯಡಿಯೂರಪ್ಪ ಸರ್ಕಾರ 50 ಕೋಟಿ ರೂಪಾಯಿಯ ಮರಾಠಾ ಅಭಿವೃದ್ಧಿ ಪ್ರಾಧಿಕಾರ ಘೋಷಿಸಿದಾಗ ಮರಾಠಾ ಮತದಾರರು ಹೆಚ್ಚಿರುವ ಬಸವಕಲ್ಯಾಣದ ಉಪಚುನಾವಣೆ ಎದುರಿಗಿತ್ತು. ಕನ್ನಡ ಸಂಘಟನೆಗಳು ಡಿಸೆಂಬರ್ 5ಕ್ಕೆ ಬಂದ್ ಕರೆದವು. ಇದು ಮರಾಠಿ ಭಾಷೆಗೆ ಕೊಟ್ಟ ಹಣವೆಂದು ಹಲವರು ಇಂದಿಗೂ ತಿಳಿದಿದ್ದಾರೆ. ಯೋಜನೆ ಇದ್ದದ್ದು ಮರಾಠಾ ಸಮುದಾಯಕ್ಕೆ. ಆ ಸಮುದಾಯದಲ್ಲಿ ಕನ್ನಡ ಚೆನ್ನಾಗಿ ಬಲ್ಲವರು ಬೇಕಾದಷ್ಟಿದ್ದಾರೆ. ಇತ್ತ ಮರಾಠಿ ಮಾತಾಡುವ ಜೈನರು, ಲಿಂಗಾಯತರು, ದಲಿತರು ಅದರ ವ್ಯಾಪ್ತಿಗೆ ಬರುವವರಲ್ಲ. ಮತಕ್ಕಾಗಿ ಓಲೈಕೆ ಎಂದು ಟೀಕಿಸುವ ಹಕ್ಕು ಎಲ್ಲರಿಗೂ ಇದೆ, ಆದರೆ ಜಾತಿಯನ್ನೂ ಭಾಷೆಯನ್ನೂ ಕಲಸಬಾರದು.

ಒಂದು ಗುಂಪಿನ ಮತವೆಲ್ಲ ಒಂದೇ ಪೆಟ್ಟಿಗೆಗೆ ಎನ್ನುವ ಇದೇ ಎಡವಟ್ಟು ಅಮೆರಿಕದಲ್ಲೂ ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೋ ಮತದಾರರ ಬಗ್ಗೆ ಆಯಿತು. ಅವರೆಲ್ಲ ಡೆಮಾಕ್ರಟಿಕ್ ಪಕ್ಷದ ಆಸ್ತಿ ಎಂದು ಹಲವರು ಅಂದುಕೊಂಡಿದ್ದರು. ಮೆಕ್ಸಿಕೊ ಗಡಿಗೆ ಅಂಟಿಕೊಂಡ ಟೆಕ್ಸಾಸ್‌ನ ಸ್ಟಾರ್ ಕೌಂಟಿಯಲ್ಲಿ ಬಹುಪಾಲು ಜನ ಲ್ಯಾಟಿನೋಗಳು. 2024ರಲ್ಲಿ ಅಲ್ಲಿ ಟ್ರಂಪ್ ಗೆದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಗೆದ್ದಿರಲಿಲ್ಲ.

ಗಡಿಯ ಮರಾಠಿ ಭಾಷಿಕರು ಕರ್ನಾಟಕದ ಮತದಾರರು. ಅವರನ್ನು ಸಮಿತಿಯ ಪಾಲಿಗೆ ಬರೆದುಕೊಡುವ ಕೆಲಸವನ್ನು ಕನ್ನಡಿಗರಾದ ನಾವು ಮಾಡದಿರೋಣ.