ಟಿಪ್ಪಣಿ ಸುಟ್ಟಿತು, ಊರು ಉಳಿಯಿತು

1970ರ ಏಪ್ರಿಲ್ 24. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸಮಾಜ ವಿಜ್ಞಾನಿಗಳ ಉನ್ನತ ಅಧ್ಯಯನಕ್ಕೆಂದೇ ಇರುವ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ವಿಯಟ್ನಾಂ ಯುದ್ಧದ ವಿರುದ್ಧ ಅಲ್ಲಿನ ವಿಶ್ವವಿದ್ಯಾಲಯಗಳು ಕುದಿಯುತ್ತಿದ್ದ ಕಾಲವದು. ಸುಟ್ಟುಹೋದ ಕೋಣೆಗಳಲ್ಲಿ ಒಂದು ಮೈಸೂರಿನವರಾದ ಪ್ರೊ. ಎಂ. ಎನ್. ಶ್ರೀನಿವಾಸ ಅವರದು. ಮೈಸೂರಿನ ಸಮೀಪದ ಒಂದು ಹಳ್ಳಿಯ ಬಗ್ಗೆ ಅವರು ಹದಿನೆಂಟು ವರ್ಷಗಳ ಕಾಲ ತಿದ್ದಿ, ವಿಂಗಡಿಸಿ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು ಆ ಕೋಣೆಯಲ್ಲಿದ್ದವು. ಇದ್ದ ಮೂರು ಪ್ರತಿಗಳೂ ಅಲ್ಲೇ ಇದ್ದವು.

ಟಿಪ್ಪಣಿ ಸುಟ್ಟರೆ ಏನಾಯಿತು, ಮತ್ತೆ ಬರೆದುಕೊಳ್ಳಬಹುದಲ್ಲ ಎಂದು ನಮಗೆ ಅನ್ನಿಸಬಹುದು. ಆದರೆ ಸಮಾಜ ವಿಜ್ಞಾನಿಗೆ ಪ್ರಯೋಗಶಾಲೆ ಇಲ್ಲ. ಊರಿಗೆ ಹೋಗಬೇಕು, ಅಲ್ಲಿಯೇ ಇರಬೇಕು, ಕಂಡದ್ದನ್ನೂ ಕೇಳಿದ್ದನ್ನೂ ಅಂದಂದೇ ಗುರುತು ಹಾಕಿಕೊಳ್ಳಬೇಕು. ದಿನಚರಿಯಲ್ಲಿ ಎಲ್ಲವೂ ಕಲಸಿಕೊಂಡಿರುತ್ತದೆ: ಬೆಳಿಗ್ಗೆ ನೀರಿನ ಜಗಳ, ಮಧ್ಯಾಹ್ನ ಮದುವೆ, ಸಂಜೆ ಸಾಲದ ಮಾತು. ಇವನ್ನು ಜಮೀನು, ಜಾತಿ, ನ್ಯಾಯ ಪಂಚಾಯಿತಿ, ಹಬ್ಬ ಎಂದು ಬೇರ್ಪಡಿಸಿ ಒಂದಕ್ಕೊಂದು ಹೊಂದಿಸುವುದೇ ಅರ್ಧ ಸಂಶೋಧನೆ. ಸುಟ್ಟದ್ದು ಈ ಅರ್ಧ. ಮೂಲ ಟಿಪ್ಪಣಿಗಳೇನೋ ದೆಹಲಿಯಲ್ಲಿ ಉಳಿದಿದ್ದವು.

ಶ್ರೀನಿವಾಸರು ಹುಟ್ಟಿದ್ದು 1916ರಲ್ಲಿ, ಮೈಸೂರಿನ ಬ್ರಾಹ್ಮಣ ಮನೆತನದಲ್ಲಿ. ಮನೆಯ ಹಿಂದೆಯೇ ಬಂಡಿಕೇರಿ. ಹಳ್ಳಿಯಿಂದ ಬಂದ ಕುರುಬರ ವಸತಿ. ಹುಡುಗನಾಗಿದ್ದಾಗ ಅಲ್ಲಿಗೆ ಕಾಲಿಟ್ಟು ಬೇರೆಯೇ ಲೋಕಕ್ಕೆ ಹೋದಂತಾಯಿತೆಂದು ಅವರು ಮುಂದೆ ಬರೆದರು. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಕೈಕೆಳಗೆ ಕಲಿತರು, ಕೊಡವರ ಮೇಲೆ ಸಂಶೋಧನೆ ನಡೆಸಿದರು, ಅಲ್ಲಿಂದ ಆಕ್ಸ್‌ಫರ್ಡ್‌ಗೆ ಹೋದರು. 1948ರಲ್ಲಿ ಅದೇ ವಿಶ್ವವಿದ್ಯಾಲಯ ಅವರನ್ನು ಅಧ್ಯಾಪಕರನ್ನಾಗಿ ನೇಮಿಸಿ, ಮೊದಲ ವರ್ಷ ಪಾಠ ಹೇಳುವ ಬದಲು ಹಳ್ಳಿಯಲ್ಲಿರಲು ಬಿಟ್ಟುಕೊಟ್ಟಿತು. ಇಂತಹ ಔದಾರ್ಯ ಈಗ ಅಪರೂಪ.

ಅವರು ಆರಿಸಿಕೊಂಡ ಊರು ಕೊಡಗಹಳ್ಳಿ. ಬರೆಹದಲ್ಲಿ ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟರು. ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ, ಜೊತೆಗೆ ಮೈಸೂರಿನಿಂದ ಕರೆತಂದ ಅಡುಗೆಯವರು. ಊರಿನವರನ್ನು ನೋಡಲು ಬಂದವರನ್ನು ಊರಿನವರೂ ನೋಡುತ್ತಿದ್ದರು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡ ಈ ಬ್ರಾಹ್ಮಣನನ್ನು ಒಕ್ಕಲಿಗರಾದ ಪಟೇಲರೇ ಆಕ್ಷೇಪಿಸಿದರಂತೆ! ಮಡಿಯ ಪಾಠ ಮೇಲಿನಿಂದ ಕೆಳಕ್ಕೇ ಹರಿಯಬೇಕೆಂದಿಲ್ಲ.

ಪುಸ್ತಕದಲ್ಲಿ ಜಾತಿಯೆಂದರೆ ನಾಲ್ಕು ವರ್ಣ, ಒಂದರ ಮೇಲೊಂದು. ರಾಂಪುರದಲ್ಲಿ ಕಂಡದ್ದು ಬೇರೆ. ಊರು ನಡೆಯುತ್ತಿದ್ದುದು ಶಾಸ್ತ್ರದಲ್ಲಿ ಮೇಲಿದ್ದವರಿಂದಲ್ಲ. ಜನಬಲವೂ ಜಮೀನೂ ಇದ್ದ ಒಕ್ಕಲಿಗರಿಂದ. ಬೇರೆ ಜಾತಿಯವರ ವ್ಯಾಜ್ಯವೂ ಅವರ ಹಿರಿಯರ ಮುಂದೆ ಬರುತ್ತಿತ್ತು. ಇದಕ್ಕೆ ಶ್ರೀನಿವಾಸರು ಕೊಟ್ಟ ಹೆಸರು 'ಪ್ರಬಲ ಜಾತಿ'. ಕೆಳಗಿನ ಜಾತಿ ಮೇಲಿನವರ ಆಚಾರವನ್ನು ಹಿಡಿದು ಮೇಲೇರಲು ನೋಡುವುದನ್ನು 'ಸಂಸ್ಕೃತೀಕರಣ' ಎಂದು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ಗ್ರಂಥದಲ್ಲೇ ವಿವರಿಸಿದ್ದರು.

ಸ್ಟ್ಯಾನ್‌ಫರ್ಡ್‌ನ ಬೆಂಕಿಯ ನಂತರ ಅಮೆರಿಕದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಒಂದು ಸಲಹೆ ಕೊಟ್ಟರು: ನೆನಪಿನಿಂದಲೇ ಬರೆಯಿರಿ, ಹಾಗೆ ಯಾರೂ ಮಾಡಿಲ್ಲ. ಶ್ರೀನಿವಾಸರು ಒಪ್ಪಿದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂತು. ಕೋಷ್ಟಕಗಳ ಭಾರವಿಲ್ಲ, ಸಿಟ್ಟು, ಹಾಸ್ಯ, ಸ್ನೇಹಗಳಿರುವ ಮನುಷ್ಯರಿದ್ದಾರೆ. ಮಳೆ ಬಾರದಾಗ ಬಸವನ ಗುಡಿಯಲ್ಲಿ ಹೂವಿನ ಅಪ್ಪಣೆಗೆ ಕಾದು, ಹೂ ಬೀಳದಿರಲು ದೇವರನ್ನೇ ಗದರಿಸುವ ರೈತರಿದ್ದಾರೆ. ಎಲ್ಲ ಟಿಪ್ಪಣಿಗಳೂ ಕೈಲಿದ್ದಿದ್ದರೆ ಇಷ್ಟು ಜೀವಂತ ಪುಸ್ತಕ ಬರುತ್ತಿತ್ತೇ ಎಂಬುದು ನನ್ನ ಅನುಮಾನ.

ಆದರೆ ನೆನಪು ಸಾಕ್ಷಿಯಾಗಬಲ್ಲದೇ? ವಿದ್ವಾಂಸರು ಕೇಳಿದ ಪ್ರಶ್ನೆಯಿದು, ನ್ಯಾಯವಾದದ್ದೇ. ನೆನಪು ಹಳೆಯ ಊರನ್ನು ಸ್ವಲ್ಪ ಚೆಂದ ಮಾಡಿಯೇ ತೋರಿಸುತ್ತದೆ. ಅದಕ್ಕಿಂತ ಗಟ್ಟಿಯಾದ ಪ್ರಶ್ನೆ, ಊರನ್ನು ಎಲ್ಲಿ ಕುಳಿತು ನೋಡಿದರು ಎಂಬುದು. ಪಟೇಲರ ಅತಿಥಿ, ಬ್ರಾಹ್ಮಣ, ಗಂಡಸು: ಹೊಲೆಯರ ಕೇರಿಗೂ ಹೆಂಗಸರ ಅಡುಗೆಮನೆಗೂ ಅವರಿಗೆ ದಾರಿ ಸಲೀಸಾಗಿರಲಿಲ್ಲ. ತಾವು ಮೇಲ್ಜಾತಿಯವರ ಕಣ್ಣಿನಿಂದ ಊರನ್ನು ಕಂಡೆವೆಂದು ಅವರೇ ಒಪ್ಪಿದ್ದಾರೆ. ಒಪ್ಪಿಕೊಂಡದ್ದು ಅವರ ದೊಡ್ಡತನ. ಹಾಗೆಂದು ಬಿಟ್ಟುಹೋದದ್ದು ತುಂಬಿಕೊಳ್ಳಲಿಲ್ಲ. ಕೇರಿಯಲ್ಲಿ ಕುಳಿತು ನೋಡಿದ್ದರೆ ಅದೇ ನ್ಯಾಯ ಪಂಚಾಯಿತಿ ಹೇಗೆ ಕಾಣುತ್ತಿತ್ತೋ!

1972ರಲ್ಲಿ ಶ್ರೀನಿವಾಸರು ಬೆಂಗಳೂರಿಗೆ ಬಂದು, ಡಾ. ವಿ. ಕೆ. ಆರ್. ವಿ. ರಾವ್ ಅವರು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸೇರಿದರು. 1999ರ ನವೆಂಬರ್ 30ರಂದು ಇದೇ ನಗರದಲ್ಲಿ ತೀರಿಕೊಂಡರು. ಅವರ ಒಂದು ಮಾತು ಮಾತ್ರ ಅವರನ್ನು ಓದದವರ ಬಾಯಲ್ಲೂ ಇದೆ. 1955ರಲ್ಲಿ ರಾಂಪುರದ ಬಗ್ಗೆ ಬರೆದ ಪ್ರಬಂಧದಲ್ಲಿ, ತನ್ನ ಆಸರೆಯಲ್ಲಿರುವವರ ಮತಗಳನ್ನು ಕೈಯಲ್ಲಿಟ್ಟುಕೊಂಡ ಊರ ಧಣಿಯ ಬಲವನ್ನು ಹೇಳಲು ಅವರು ಬಳಸಿದ ಪದ 'ವೋಟ್ ಬ್ಯಾಂಕ್'. ಈಗ ಧಣಿಯ ಸುದ್ದಿ ಅದರಲ್ಲಿಲ್ಲ. ಚುನಾವಣೆ ಬಂದಾಗ ಒಂದು ಪಕ್ಷ ಇನ್ನೊಂದರ ಮೇಲೆ, ಯಾವುದಾದರೂ ಜಾತಿಯನ್ನೋ ಧರ್ಮವನ್ನೋ ತೋರಿಸಿ, ಎಸೆಯುವ ಕಲ್ಲಾಗಿದೆ.