ಮೊದಲ ಆಪರೇಷನ್ನೇ ಗಟ್ಟಿಯಾಗಿರಲಿ

ಬಂಗಾರಪೇಟೆಯಿಂದ ಕವಲೊಡೆದ ರೈಲುಹಳಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನವರು ಕೆಲಸಕ್ಕೆಂದು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತಾರೆ. ದೊಡ್ಡ ಆಪರೇಷನ್‌ಗೂ ಅದೇ ದಾರಿ. ಆದರೆ ಅಪಘಾತದಲ್ಲಿ ಸೊಂಟದ ಮೂಳೆ ಮುರಿದ ಹುಡುಗನ ಪಾಲಿಗೆ, ಊರಿನ ಆಸ್ಪತ್ರೆಯ ಮೊದಲ ಗಂಟೆಯೇ ಬಹಳಷ್ಟನ್ನು ತೀರ್ಮಾನಿಸಿಬಿಡುತ್ತದೆ.

ಮೂಳೆ ಸರಿದಾಗ ಅದರ ಹಿಂದೆಯೇ ಇರುವ ಮೂತ್ರಮಾರ್ಗ ಹರಿಯಬಹುದು. ಮಕ್ಕಳಲ್ಲಿ ಪ್ರಾಸ್ಟೇಟ್ ಗ್ರಂಥಿ ಇನ್ನೂ ಬೆಳೆದಿರುವುದಿಲ್ಲ, ಹಿಡಿದಿಡುವ ತಂತುಗಳೂ ಎಳೆಯವು. ಹಾಗಾಗಿ ಮೂತ್ರಕೋಶ ಮೇಲಕ್ಕೆ ಸರಿದು, ಹರಿದ ತುದಿಗಳ ನಡುವೆ ಅಂತರ ಬೀಳುತ್ತದೆ. ಮೂತ್ರದ್ವಾರದಲ್ಲಿ ಒಂದು ಹನಿ ರಕ್ತ, ಉಬ್ಬಿದ ಕಿಬ್ಬೊಟ್ಟೆ, ‘ಉಚ್ಚೆ ಬರ್ತಿದೆ, ಹುಯ್ಯೋಕಾಗ್ತಿಲ್ಲ’ ಎಂಬ ಅಳು: ಇಷ್ಟು ಕಂಡರೆ ಕೆಳಗಿನಿಂದ ಒತ್ತಾಯವಾಗಿ ಟ್ಯೂಬ್ ತೂರಿಸಬಾರದು. ಅರ್ಧ ಹರಿದದ್ದು ಪೂರ್ತಿ ಹರಿದೀತು. ಕಿಬ್ಬೊಟ್ಟೆಯ ಮೂಲಕ ನೇರ ಮೂತ್ರಕೋಶಕ್ಕೆ ಪೈಪ್ ಇಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಕ್ಷೇಮ.

ಆಮೇಲೆ ಹರಿದ ದಾರಿ ಜೋಡಿಸುವ ಆಪರೇಷನ್‌ಗೆ ಸುಮಾರು ಮೂರು ತಿಂಗಳು ಕಾಯಬೇಕು. ಹೆತ್ತವರಿಗೆ ಇದೇ ಕಷ್ಟದ ಕಾಲ. ಮಗ ಮೂತ್ರದ ಚೀಲ ಹೊತ್ತು ಓಡಾಡುತ್ತಾನೆ, ಶಾಲೆ ತಪ್ಪುತ್ತದೆ, ನೆಂಟರು ಕೇಳುತ್ತಾರೆ. ಆದರೆ ಒಳಗೆ ಹೆಪ್ಪುಗಟ್ಟಿದ ರಕ್ತ ಕರಗಿ, ಮೂತ್ರಕೋಶ ಕೆಳಗಿಳಿದು, ಗಾಯದ ಕಲೆ ಗಟ್ಟಿಯಾಗಿ ನಿಲ್ಲುವುದು ಈ ಅವಧಿಯಲ್ಲೇ. ಆಗ ಮೇಲಿನಿಂದಲೂ ಕೆಳಗಿನಿಂದಲೂ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ದ್ರಾವಣ ಬಿಟ್ಟು ಚಿತ್ರ ತೆಗೆದರೆ, ಎರಡು ಬಿಳಿ ಗೆರೆಗಳು ಬಂದು ನಿಲ್ಲುವ ಜಾಗ, ನಡುವಿನ ಅಂತರ ಎಷ್ಟೆಂಬುದು ಕಾಣುತ್ತದೆ.

ಆಪರೇಷನ್ನಿನಲ್ಲಿ ವೃಷಣಚೀಲದ ಹಿಂದೆ ಕೊಯ್ದು, ಕಲೆಯನ್ನು ಪೂರ್ತಿ ತೆಗೆದು, ಎರಡು ಆರೋಗ್ಯವಂತ ತುದಿಗಳನ್ನು ಎಳೆತವಿಲ್ಲದಂತೆ ಕೂದಲೆಳೆಯಂಥ ದಾರದಿಂದ ಹೊಲಿಯುತ್ತಾರೆ. ಅಂತರ ಹೆಚ್ಚಿದ್ದರೆ ಮುಂಭಾಗದ ಮೂಳೆಯ ಕೆಳಅಂಚನ್ನು ಸ್ವಲ್ಪ ಕೆತ್ತಿ ದಾರಿ ಹತ್ತಿರ ಮಾಡುತ್ತಾರೆ. ಟ್ಯೂಬ್ ಕೆಲವು ವಾರ ಉಳಿಯುತ್ತದೆ. ದಾರಿ ಪೂರ್ತಿ ಮುಚ್ಚಿಹೋದ ಮಗುವಿಗೆ ಮತ್ತೆ ಮತ್ತೆ ಸಲಾಕೆ ಹಾಕಿ ಹಿಗ್ಗಿಸುವುದು, ಒಳಗಿನಿಂದ ಕೊಯ್ದು ನೋಡುವುದು ವ್ಯರ್ಥ ಮಾತ್ರವಲ್ಲ, ಅನ್ಯಾಯ ಎಂದೇ ನನ್ನ ನಂಬಿಕೆ. ಒಮ್ಮೆ ಕೆಟ್ಟ ಜಾಗದಲ್ಲಿ ಎರಡನೆಯ ಹೊಲಿಗೆ ಮೊದಲಿನಷ್ಟು ಸುಲಭವಲ್ಲ. ಹಾಗಾಗಿ ಈ ಕೆಲಸದಲ್ಲಿ ಕೈ ಪಳಗಿದ ಮಕ್ಕಳ ಶಸ್ತ್ರವೈದ್ಯರನ್ನೋ ಮೂತ್ರರೋಗ ತಜ್ಞರನ್ನೋ ಮೊದಲೇ ಹುಡುಕಬೇಕು. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿದೆ.

ವಾಸಿಯಾಯಿತೆಂದು ತಪಾಸಣೆ ಬಿಡುವಂತಿಲ್ಲ. ಧಾರೆ ಸಣ್ಣಗಾದರೆ, ತಿಣುಕಿ ಹುಯ್ಯುವಂತಾದರೆ ತಕ್ಷಣ ತೋರಿಸಬೇಕು. ನರಕ್ಕೂ ಪೆಟ್ಟಾಗಿದ್ದರೆ ಮುಂದೆ ನಿಮಿರುವಿಕೆಯ ತೊಂದರೆ ಬರಬಹುದು. ಅಪ್ಪ-ಅಮ್ಮ ಇದನ್ನು ಕೇಳಲು ನಾಚುತ್ತಾರೆ. ಆದರೆ ಪ್ರಾಯಕ್ಕೆ ಬಂದ ಹುಡುಗನಿಗೆ ತನಗೇನಾಗಿತ್ತು, ಏನು ಹೊಲಿದರು ಎಂಬುದು ಗೊತ್ತಿರಬೇಕು. ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಅವನ ಕೈಯಲ್ಲೇ ಇರಬೇಕು.